ಗೋಡೆಗೆ ಹೊದಿಸಿದ ಹಿಮ

ಅಮೆರಿಕದ ಮಿಲ್ವಾಕಿ ಊರಿನ ಆ ಮನೆಯ ನೆಲಮಾಳಿಗೆಯಲ್ಲಿ ಜೀನಾಳ ಎರಡನೆಯ ಅಡುಗೆಮನೆಯಿತ್ತು. ಮೇಲಿನದು ದಿನದ ಕಾಫಿಗೆ, ಕೆಳಗಿನದು ಹಬ್ಬಕ್ಕೆ. ಪ್ರತಿ ಈಸ್ಟರ್‌ಗೆ ಗಂಡ ಫ್ಲೋರಿಯನ್ನನ ಬಳಗವೆಲ್ಲ ಅಲ್ಲೇ ಉದ್ದನೆಯ ಮೇಜಿಗೆ ಕೂತು ಅವಳ ಕೈಯಡುಗೆ, ಅದರಲ್ಲೂ ಹಂದಿತೊಡೆಯ ಹ್ಯಾಮು, ಉಣ್ಣುತ್ತಿತ್ತು. ಈಗೆರಡು ವರ್ಷದಿಂದ ಹಿಮ ಕರಗಿದ ಕೂಡಲೇ ನೆಲವೆಲ್ಲ ನೀರು.

"ಅತ್ತಿಗೆ, ಈ ಸಲವೂ ಒದ್ದೆಯಾದ್ರೆ ಹಬ್ಬ ನಮ್ಮನೇಲೇ," ಎಂದಿದ್ದಳು ನಾದಿನಿ ಬರ್ನಿಸ್. "ಹ್ಯಾಮು ಅಂಗಡಿಯಿಂದ ತರಿಸಿದ್ರಾಯ್ತು."

ಅಂಗಡಿಯ ಹ್ಯಾಮು! ಜೀನಾಳಿಗೆ ಸಿಟ್ಟೂ ಬಂತು, ಅಳುವೂ ಬಂತು.

ಮಾರ್ಚಿನ ಮೊದಲ ಬಿಸಿಲಿಗೆ ನೀರು ಬಂದೇ ಬಿಟ್ಟಿತು. ಒರೆಸುತ್ತಾ ಒರೆಸುತ್ತಾ ಅವಳು ಗಮನಿಸಿದಳು: ಒದ್ದೆಯೆಲ್ಲ ಉತ್ತರದ ಗೋಡೆಯದು, ಉಳಿದವು ಒಣಗಿವೆ. ಬೂಟು ತೊಟ್ಟು ಹೊರಗೆ ಹೋದಳು. ಆ ಗೋಡೆಗೆ ಸೊಂಟದೆತ್ತರ ಹಿಮ, ಸಲಿಕೆಯಿಂದ ತಟ್ಟಿ ತಟ್ಟಿ ಕೂರಿಸಿದ್ದು. ಅಡಿಯ ಮಣ್ಣು ಕುಸಿದು ಗೋಡೆಯ ಕಡೆಗೇ ವಾಲಿತ್ತು. ಕರಗಿದ್ದೆಲ್ಲ ಒಳಗೆ ಇಳಿಯದೆ ಇನ್ನೆಲ್ಲಿ ಹೋಗಬೇಕು?

"ಫ್ಲೋರಿಯನ್! ಇದ್ಯಾರ ಕೆಲಸ?"

"ನಂದೇ ಕಣೇ. ಹಳ್ಳೀಲಿ ಅಪ್ಪ ಹೀಗೇ ಮಾಡ್ತಿದ್ದ. ಗೋಡೆಗೆ ಹಿಮ ಹೊದಿಸಿದ್ರೆ ಗಾಳಿ ನುಗ್ಗಲ್ಲ."

"ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕೋತಾರಾ? ಆ ಮನೇಲಿ ನೆಲಮಾಳಿಗೆ ಇತ್ತಾ?"

"ಇರ್ಲಿಲ್ಲ," ಎಂದ ಅವನು ತಲೆ ಕೆರೆಯುತ್ತಾ. "ಆದ್ರೆ ಮೇಲಿನ ಕೋಣೇಲಿ ಈ ಗೋಡೆ ಪಕ್ಕ ನೀನು ಮಲಗ್ತೀಯಲ್ಲ. ಎರಡು ವರ್ಷದ ಹಿಂದೆ ಚಳಿಗೆ ಕಾಲು ಸೆಟೆದುಹೋಯ್ತು ಅಂದ್ಯಲ್ಲ, ಆಗಿಂದ ಹಾಕ್ತಿದ್ದೀನಿ."

ಬೈಯಬೇಕೆಂದುಕೊಂಡದ್ದನ್ನೆಲ್ಲ ಜೀನಾ ನುಂಗಿಕೊಂಡಳು. ಎಂಥ ಪೆದ್ದ, ಎಂಥ ಒಳ್ಳೆಯವನು!

"ಸಲಿಕೆ ತಗೋ ಮಾರಾಯ," ಎಂದಳು.

ಇಬ್ಬರೂ ಹಿಮವನ್ನು ಅಂಗಳದಾಚೆ ಎಸೆದರು. ನೆಲ ಮೆತ್ತಗಾದ ಮೇಲೆ ಜೇಡಿಮಣ್ಣು ತರಿಸಿ, ಗೋಡೆಯ ಬುಡಕ್ಕೆ ಏರಿಸಿ, ಹೊರಕ್ಕೆ ಇಳಿಜಾರಾಗಿ ತುಳಿದು ಕೂರಿಸಿದರು. ಸೂರಿನ ನೀರಿನ ಕೊಳವೆಯನ್ನು ಹಿತ್ತಲಿನ ತುದಿಯವರೆಗೆ ಚಾಚಿದರು. ಜೀನಾ ಬುಡಕ್ಕೆ ಒಂದು ಬಕೆಟ್ ನೀರು ಸುರಿದಳು. ಅದು ಮನೆಗೆ ಬೆನ್ನು ಹಾಕಿ ಹರಿಯಿತು.

ಈಸ್ಟರ್ ವಾರವೆಲ್ಲ ಮಳೆ ಹೊಡೆಯಿತು, ನೆಲಮಾಳಿಗೆಗೆ ಒಂದು ಹನಿ ಬರಲಿಲ್ಲ. ಹಬ್ಬದ ದಿನ ಅಲ್ಲೇ ಮೇಜಿಗೆ ಕೂತು ಬರ್ನಿಸ್ ಎರಡು ಸಲ ಹ್ಯಾಮು ಹಾಕಿಸಿಕೊಂಡಳು.

ಮುಂದಿನ ಚಳಿಗಾಲ ಫ್ಲೋರಿಯನ್ ಹಿಮವನ್ನು ದೂರವೇ ಎಸೆದ. ಉತ್ತರದ ಗಾಳಿ ಬರಿಗೋಡೆಗೆ ಬಡಿಯಿತು. ಮಲಗಲು ಬಂದ ಜೀನಾ ನೋಡುತ್ತಾಳೆ, ಗೋಡೆ ಪಕ್ಕ, ಅವಳ ಜಾಗದಲ್ಲಿ, ಗಂಡ ಹೊದ್ದು ಮಲಗಿದ್ದಾನೆ.

"ಏಳು, ಅದು ನನ್ನ ಜಾಗ."

"ಗೊತ್ತು ಕಣೇ. ಬೆಚ್ಚಗೆ ಮಾಡ್ತಿದ್ದೆ," ಎಂದು ಅವನು ತನ್ನ ತಣ್ಣಗಿನ ಮಗ್ಗುಲಿಗೆ ಸರಿದ.