ಕತ್ತೆ ಕಮಿಟಿಯ ಡ್ರಮ್ಮರ್

ಗುರುಪಾದ ಜಮಖಂಡಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಾನೆ. ಬೀಡಿ, ಇಸ್ಪೀಟು, ರಾಜಕೀಯ ಯಾವುದೂ ಇಲ್ಲ. ಇರುವುದೊಂದೇ ಹುಚ್ಚು: ಕತ್ತೆ ಕಮಿಟಿ.

ಎಂಬತ್ತರ ದಶಕದ ಕೊನೆಗೆ ಧಾರವಾಡದ ನಾಲ್ವರು ಕಾಲೇಜು ಹುಡುಗರು ಕಟ್ಟಿದ ರಾಕ್ ಬ್ಯಾಂಡ್ ಅದು. ಮಂತ್ರಿಗಳು, ಪ್ರಿನ್ಸಿಪಾಲರು, ತಮ್ಮ ತಮ್ಮ ಸೋದರಮಾವಂದಿರು, ಯಾರನ್ನೂ ಬಿಡದೆ ಗಿಟಾರ್ ಹಿಡಿದು ಗೇಲಿ ಮಾಡಿದರು. ಒಂದು ಕ್ಯಾಸೆಟ್ ಹೊರತಂದು ಕಾಣೆಯಾದರು. ಗುರುಪಾದ ಅದನ್ನು ಅಂದಿನಿಂದ ಕೇಳುತ್ತಲೇ ಇದ್ದಾನೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಶೈಲಾ, "ಇದು ಹಾಡೋ, ಜಗಳೋ?" ಎಂದು ಕೇಳಿದ್ದಳು. "ಎರಡೂ" ಎಂದಿದ್ದ. ಮುಂದೆ ಆ ವಿಷಯ ಮನೆಯಲ್ಲಿ ಚರ್ಚೆಗೆ ಬರಲಿಲ್ಲ.

ಹೋದ ವರ್ಷ ಯಾರೋ ಆ ಹಾಡುಗಳನ್ನು ಯೂಟ್ಯೂಬಿಗೆ ಹಾಕಿದರು. ಅದರ ಕೆಳಗೆ ಒಬ್ಬರು ಬರೆದಿದ್ದರು: ಡ್ರಮ್ಮರ್ ಕಲ್ಮೇಶ ಈಗ ಬನಹಟ್ಟಿಯಲ್ಲಿ ಸೀರೆ ನೇಯಿಸುತ್ತಾನೆ.

ಆ ರವಿವಾರವೇ ಗುರುಪಾದ ಬನಹಟ್ಟಿಯ ಬಸ್ಸು ಹತ್ತಿದ. ಸೀರೆಯ ನೆಪ ಬೇಕೆಂದು ತಾಯಿ ಸೋಮವ್ವನನ್ನೂ ಕರೆದುಕೊಂಡ.

ಕಲ್ಮೇಶನ ಅಂಗಡಿಯ ಹಿಂದೆಯೇ ಮನೆ ಮತ್ತು ಕರೆಂಟು ಮಗ್ಗಗಳ ಶೆಡ್ಡು. ಖಟಪಟ ಸದ್ದಿನಲ್ಲಿ ಎಲ್ಲರೂ ಕೂಗಿಯೇ ಮಾತಾಡಬೇಕು. ಹಣೆಗೆ ವಿಭೂತಿ ಹಚ್ಚಿದ್ದ ದಪ್ಪ ಮನುಷ್ಯನೊಬ್ಬ ಸೀರೆ ಬಿಚ್ಚಿ ತೋರಿಸುತ್ತಿದ್ದ.

"ನೀವು ಕತ್ತೆ ಕಮಿಟಿ ಕಲ್ಮೇಶ ಅಲ್ರೀ?" ಎಂದು ಗುರುಪಾದ ಕೂಗಿದ.

"ಅಂವ ಬ್ಯಾರೆ ಯಾರರೆ ಇರಬೇಕ್ರಿ," ಎಂದ ಆತ. "ನಾ ಗುಡಿ ಕಮಿಟಿ ಒಂದರಾಗ ಅದೀನಿ."

ಗುರುಪಾದ ಒಂದು ಸೀರೆಯ ಅಂಚು ಹಿಡಿದು ತಿರುತಿರುಗಿಸಿ ನೋಡತೊಡಗಿದ. ಸೋಮವ್ವನಿಗೆ ಈ ಪೇಚಾಟವೆಲ್ಲ ಅನವಶ್ಯಕ ಅನಿಸಿತು. ಮೂವತ್ತು ವರ್ಷ ಗೋಡೆಯಾಚೆಯಿಂದ ಕೇಳಿದ್ದ ಹಾಡನ್ನು ಎತ್ತಿಯೇ ಬಿಟ್ಟಳು:

"ಸಾಹೇಬ ಬಂದಾನ, ಅಡಿಗಲ್ಲ ಇಟ್ಟಾನ, ಕಲ್ಲಿಗಿ ಬಾಯಿದ್ರ ಏನಂದೀತ..."

ಗಂಡ ಡೊಳ್ಳು ಬಾರಿಸುತ್ತಿದ್ದವನು. ಹಾಗಾಗಿ ಅವಳ ಹಾಡು ಡೊಳ್ಳಿನ ಪದದ ನಡೆಯಲ್ಲಿ ಹೊರಟಿತು.

ಕಲ್ಮೇಶ ಒಂದು ಸಾಲು ತಡೆದುಕೊಂಡ. ಎರಡನೆಯದಕ್ಕೆ ಆಗಲಿಲ್ಲ. "ತಾಳ ತಪ್ಪೈತಿ ಬೇ ಯವ್ವಾ," ಎನ್ನುತ್ತ ಬಟ್ಟೆ ಅಳೆಯುವ ಗಜಕಡ್ಡಿಯಿಂದ ಟೇಬಲ್ಲಿನ ಮೇಲೆ ಬಾರಿಸತೊಡಗಿದ.

"ನಂದ ಸರಿ ಐತಿ. ನೀ ಓಡಾಕತ್ತಿ," ಎಂದಳು ಸೋಮವ್ವ.

ಇಬ್ಬರೂ ಸ್ವಲ್ಪ ಹೊತ್ತು ವಾದಿಸಿದರು. ಆಮೇಲೆ ಕಲ್ಮೇಶ ಚಹಾ ತರಿಸಿದ.

"ಬ್ಯಾಂಡ್ ಯಾಕ ಮುರೀತ್ರಿ?" ಗುರುಪಾದ ಕೇಳಿದ. "ಮಂತ್ರಿ ಹೆದರಿಸಿದ್ರು ಅಂತ ಕೇಳಿದ್ದೆ."

"ಹೆದರಿಸಿದ್ರ ಛಲೋ ಇತ್ತಲ್ರಿ," ಎಂದ ಕಲ್ಮೇಶ. "ಅವರಿಗೆ ಹಾಡು ಭಾಳ ಸೇರಿತು. ಹುಟ್ಟುಹಬ್ಬಕ್ಕ ಕರದು ಹಾಡಿಸಿದ್ರು. ಮುಂದ ಕುಂತು ಚಪ್ಪಾಳಿ ತಟ್ಟಿದ್ರು. ನಮಗ ಶಾಲು ಹೊಚ್ಚಿದ್ರು, ಹೋಳಿಗಿ ಊಟ ಹಾಕಿಸಿದ್ರು. ತಿರುಗಿ ಬರೂಮುಂದ ಜೀಪಿನ್ಯಾಗ ಒಬ್ಬರೂ ಮಾತಾಡಲಿಲ್ಲ. ಅಲ್ಲಿಗೆ ಆತು."

ಅಷ್ಟು ವರ್ಷ ಗುರುಪಾದ ಮನಸ್ಸಿನಲ್ಲಿ ಅವರನ್ನು ಜೈಲಿಗೆ ಕಳಿಸಿ, ಲಾಠಿ ಏಟು ತಿನ್ನಿಸಿ ಗೌರವಿಸಿದ್ದ. ಹೋಳಿಗೆಯನ್ನು ಊಹಿಸಿರಲಿಲ್ಲ.

ಮೊಬೈಲು ತೆಗೆದು ಹಾಡು ಹಚ್ಚಿದ. ಮಗ್ಗಗಳ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಕಲ್ಮೇಶ ಎದ್ದು ಒಳಗೆ ಹೋಗಿ ಮೇನ್ ಸ್ವಿಚ್ಚು ಆರಿಸಿದ. ಶೆಡ್ಡು ಒಮ್ಮೆಲೇ ಮೌನವಾಯಿತು. ಕರೆಂಟು ಹೋಯಿತೆಂದುಕೊಂಡು ಕೆಲಸಗಾರರು ಹೊರಬಿದ್ದರು.

ಕಲ್ಮೇಶ ಕಣ್ಣುಮುಚ್ಚಿ ಹಾಡನ್ನು ಪೂರ್ತಿ ಕೇಳಿದ.

"ಡ್ರಮ್ ಸಣ್ಣ ಕೇಳಸ್ತೈತಿ," ಎಂದ ಕೊನೆಗೆ. "ನಾ ಆವಾಗೂ ಹೇಳಿದ್ದೆ."

"ನನಗ ಯಾವಾಗೂ ಡ್ರಮ್ಮ ಮೊದಲ ಕೇಳಸ್ತಿತ್ರಿ," ಎಂದ ಗುರುಪಾದ. ಅದು ಖರೆಯಾಗಿತ್ತು.

ಕಲ್ಮೇಶ ಅವನನ್ನು ದಿಟ್ಟಿಸಿ ನೋಡಿದ. ಆಮೇಲೆ ಒಳಮನೆಯತ್ತ ತಿರುಗಿ, ಇನ್ನಿಬ್ಬರಿಗೆ ರೊಟ್ಟಿ ಬಡಿಯಲು ಕೂಗಿ ಹೇಳಿದ.