ಒಂದು ಚರಿಗೆ ನೀರು

"ಏ ದೇವ್ಯಾ, ಅಲ್ಲೇ ನಿಂದ್ರಲೇ. ಜಮಖಾನಿ ಮ್ಯಾಲ ಕಾಲಿಟ್ಟಿ ಅಂದ್ರ ಕಾಲು ಮುರೀತೀನಿ, ಹಲ್ಕಟ್ ಮಗನ."

ದೇವಿದಾಸ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟ. ನಲವತ್ತೆಂಟು ವರ್ಷದ ಮನುಷ್ಯ. ಹೈದರಾಬಾದಿನ ಟಾಕೀಜುಗಳಿಗೆ ಹದಿನೈದು ವರ್ಷ ಬ್ಯಾನರ್ ಬರೆದು ಬಂದ ಪೇಂಟರ್. ಬೈದವನು ವೀರಭದ್ರ, 'ಕಲ್ಯಾಣ ವೈಭವ ಸಮಿತಿ'ಯ ಕಾರ್ಯದರ್ಶಿ, ಇನ್ನೂ ಮೀಸೆ ಬಲಿಯದ ಹುಡುಗ. ಒಳಗೆ ಲೋಡಿಗೆ ಒರಗಿದ್ದ ಸಮಿತಿಯ ಅಧ್ಯಕ್ಷರು, ಬಟ್ಟೆ ಅಂಗಡಿಯ ಶಂಕರಲಿಂಗ ಸಾವಕಾರರು ಮೆಲ್ಲಗೆ ನಕ್ಕರು.

"ಇರ್ಲಿ ಬಿಡೋ ವೀರಭದ್ರ. ಶರಣರ ಊರಾಗ ಹಂಗ ಅನಬಾರ್ದು. ದೇವ್ಯಾ, ನೀ ಅಲ್ಲೇ ಕಟ್ಟಿ ಕೆಳಗ ಕುಂದ್ರು. ಚೀಟಿ ಒಗೀತೀನಿ."

ಒಗೆದರು. ಚೀಟಿ ಅಂಗಳದ ಮಣ್ಣಿಗೆ ಬಿತ್ತು.

ತೊಂಬತ್ತೇಳರ ಆ ಬೇಸಿಗೆಯಲ್ಲಿ ಸಮಿತಿಗೆ ಇತಿಹಾಸದ ಹುಚ್ಚು ಹಿಡಿದಿತ್ತು. ಕಲ್ಯಾಣವೆಂದರೆ ಒಂದು ಕಾಲದ ಮಹಾನಗರ, ಎಲ್ಲ ಕಸುಬಿನವರೂ ಸರಿಸಮ ಕೂತು ಮಾತಾಡಿದ ಪಟ್ಟಣ. ಅದರ ಓಣಿಗಳಿಗೆಲ್ಲ ಹಳೆಯ ಹೆಸರಿನ ತಗಡಿನ ಬೋರ್ಡು ಹಾಕಿ, ಗುಲಬರ್ಗಾ ಹೈದರಾಬಾದಿನಿಂದ ಬರುವ ಅತಿಥಿಗಳಿಗೆ ತೋರಿಸಬೇಕು ಎಂಬುದು ಸಾವಕಾರರ ಆಸೆ. ಚೀಟಿಯಲ್ಲಿ ಏಳು ಹೆಸರಿದ್ದವು. ದೇವಿದಾಸ ಬೆರಳಿಟ್ಟು ಓದುತ್ತ ಬಂದು ಏಳನೆಯದರ ಮೇಲೆ ನಿಂತ. 'ಹೊಲಗೇರಿ. ಊರ ಸೇವಕರ ಪುರಾತನ ಕೇರಿ.'

"ಸಾವಕಾರ್ರ, ಇದು ಭೀಮನಗರ ಅದರಿ."

"ಅದು ನೀವು ಇಟ್ಕೊಂಡಿದ್ದು. ನಾವು ಬರ್ಸಾಕತ್ತಿದ್ದು ಇತಿಹಾಸ. ಇತಿಹಾಸಕ್ಕ ಸುಳ್ಳು ಹೇಳಾಕ ಬರ್ತದೇನು?"

"ಅಲ್ರಿ, ನಾನೂ ಅಲ್ಲೇ ಇರ್ತೀನಿ. ನನ್ನ ಕೈಲೇ..."

"ಏ, ಸೂಳಿಮಗನ, ಬರ್ದ್ರ ಬರಿ," ಎಂದ ವೀರಭದ್ರ. "ಇಲ್ಲಂದ್ರ ಹುಮನಾಬಾದದ ಪೇಂಟರ್ ಅದಾನ. ಆಯಿಲ್ ಪೇಂಟಿನಾಗ ಬರೀತಾನ, ನಿನ್ನ ಮೊಮ್ಮಕ್ಕಳ ತನಕಾ ಇರ್ತದ."

ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಎಂಬ ಗಾದೆ ಹುಟ್ಟಿದ್ದು ಈ ಕಟ್ಟೆಯ ಮೇಲೇ ಇರಬೇಕು. ದೇವಿದಾಸ ಚೀಟಿ ಮಡಚಿದ. ತಾನು ಒಲ್ಲೆನೆಂದರೆ ಆ ಹೆಸರು ನಿಜವಾಗಿಯೂ ಅಳಿಯದಂತೆ ಕೂರುತ್ತದೆ.

ಭೀಮನಗರ ಎಂಬ ಹೆಸರು ಪುಕ್ಕಟೆ ಬಂದಿದ್ದಲ್ಲ. ಅವನಪ್ಪ ಮತ್ತು ಓಣಿಯ ನಾಲ್ಕು ಜನ ಬೇವಿನ ಮರಕ್ಕೆ ಹಲಗೆ ಹೊಡೆದು ಆ ಐದು ಅಕ್ಷರ ಬರೆದ ಮರುದಿನವೇ ಊರಿನ ಹಿಟ್ಟಿನ ಗಿರಣಿ ಅವರಿಗೆ ಬಂದ್ ಆಯಿತು. ಮೂರು ತಿಂಗಳು ಯಾರೂ ಕೂಲಿಗೆ ಕರೆಯಲಿಲ್ಲ. ಅವನ ಅವ್ವ ಬೀಸುಕಲ್ಲಿನ ಮುಂದೆ ಕೂತು ಅಂಗೈಯೆಲ್ಲ ಬೊಬ್ಬೆ ಎಬ್ಬಿಸಿಕೊಂಡಳು. ಆದರೂ ಹಲಗೆ ಇಳಿಸಲಿಲ್ಲ. ಆ ಹಲಗೆಗೆ ಗೆದ್ದಲು ಹಿಡಿದು ಹೋಗಿ ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿತ್ತು. ಈಗ ಅವನ ಮಗಳು ಆಮ್ರಪಾಲಿ ಕಾಲೇಜಿನ ಫಾರ್ಮಿನಲ್ಲಿ ವಿಳಾಸವೆಂದು ಬರೆಯುವುದು ಅದನ್ನೇ.

"ಬರೀತೀನ್ರಿ," ಎಂದ ದೇವಿದಾಸ.

ಮೊದಲ ಬೋರ್ಡನ್ನು ಕಿಲ್ಲೆಯ ಹತ್ತಿರ ನಿಲ್ಲಿಸಿದರು. ದೇವಿದಾಸನೇ ಹೊತ್ತು ತಂದು, ನಟ್ಟು ಬಿಗಿದು ಕೆಳಗಿಳಿದ. ಅವನು ಹತ್ತು ಹೆಜ್ಜೆ ಸರಿದದ್ದೇ ತಡ, ವೀರಭದ್ರ ಹಿತ್ತಾಳೆಯ ಚರಿಗೆ ಎತ್ತಿ ಬೋರ್ಡಿನ ನೆತ್ತಿಯಿಂದ ನೀರು ಸುರಿದ. ಆಮೇಲೆ ವಿಭೂತಿ ಹಚ್ಚಿದರು, ಹೂವಿನ ಹಾರ ಹಾಕಿದರು.

"ಧೂಳು ಭಾಳ ಅದ," ಎಂದ ವೀರಭದ್ರ, ಯಾರೂ ಕೇಳದಿದ್ದರೂ.

ಹಸಿ ಬಣ್ಣದ ವಾಸನೆ ಹೋಗದ ಬೋರ್ಡಿನ ಮೇಲೆ ಎಲ್ಲಿಯ ಧೂಳು? ದೇವಿದಾಸನಿಗೆ ಅವ್ವನ ನೆನಪಾಯಿತು. ಅವಳು ಕಟ್ಟಿಗೆ ಹೊರೆ ಇಳಿಸಿ ದೂರ ನಿಂತ ಮೇಲೆ ಸಾವಕಾರರ ಮನೆಯ ಹೆಂಗಸರು ಹೊರೆಗೆ ನೀರು ಚಿಮುಕಿಸಿಯೇ ಒಳಗೆ ಒಯ್ಯುತ್ತಿದ್ದರು. ಕಟ್ಟಿಗೆಗೂ ಬೋರ್ಡಿಗೂ ಅದೇ ನೀರು. ಅವನಿಗೆ ಒಂದು ಯೋಚನೆ ಬಂತು.

ಎರಡನೆಯ ಬೋರ್ಡಿಗೂ ಒಂದು ಚರಿಗೆ. ಮೂರನೆಯದಕ್ಕೂ. ಆರೂ ಮುಗಿಯುವ ತನಕ ಅವನು ಎಣಿಸುತ್ತಲೇ ಇದ್ದ, ಒಂದೂ ತಪ್ಪಲಿಲ್ಲ.

ಏಳನೆಯ ತಗಡನ್ನು ಸಮಿತಿಯ ಗೋದಾಮಿನ ಹಿಂದೆ ಒಬ್ಬನೇ ಕೂತು ಬರೆದ. ಹೈದರಾಬಾದಿನಲ್ಲಿ ಅವನಿಗೆ ಕುಂಚ ಹಿಡಿಯಲು ಕಲಿಸಿದವರು ಖಮರುದ್ದೀನ್ ಉಸ್ತಾದರು. ಬ್ಯಾನರಿಗೆ ಗೋಂದಿನ ನೀರಲ್ಲಿ ಪುಡಿಬಣ್ಣ ಕಲಸುವಾಗೆಲ್ಲ ಅವರು ಹೇಳುತ್ತಿದ್ದ ಮಾತು ಒಂದೇ: ಬೇಟಾ, ಇದು ಮುಂದಿನ ಶುಕ್ರವಾರ ಹೊಸ ಸಿನಿಮಾ ಬರುವ ತನಕದ ಬಣ್ಣ, ಮಳೆ ಬಂದರೆ ಹೀರೋನೂ ಹೋಗುತ್ತಾನೆ, ವಿಲನ್ನೂ ಹೋಗುತ್ತಾನೆ. ದೇವಿದಾಸ ಮೊದಲು ಬಿಳಿ ಆಯಿಲ್ ಪೇಂಟ್ ಬಳಿದು, ಅದರ ಮೇಲೆ ನೀಲಿ ಆಯಿಲ್ ಪೇಂಟಿನಲ್ಲಿ ದೊಡ್ಡದಾಗಿ ಒಂದು ಹೆಸರು ಬರೆದ. ಎರಡು ದಿನ ಒಣಗಲು ಬಿಟ್ಟು ಮೇಲೆ ಗೋಣಿಚೀಲ ಹೊದಿಸಿದ. ಮೂರನೆಯ ದಿನ ಸೀಮೆಸುಣ್ಣದ ಪುಡಿಗೆ ಗೋಂದಿನ ನೀರು ಬೆರೆಸಿ ಎಲ್ಲವನ್ನೂ ಮುಚ್ಚಿ, ಆ ಬಿಳಿಯ ಮೇಲೆ ಕೆಂಪು ಪುಡಿಬಣ್ಣದಲ್ಲಿ ಸಾವಕಾರರ ಚೀಟಿಯಲ್ಲಿದ್ದದ್ದನ್ನು ಇದ್ದ ಹಾಗೆ ಬರೆದ.

ಸಾವಕಾರರು ಬಂದು ನೋಡಿ ಹುಬ್ಬು ಗಂಟಿಕ್ಕಿದರು. "ಇದ್ಯಾಕೋ ಮಿಂಚವಲ್ದು?"

"ಪುರಾತನ ಕೇರಿ ಅಂದ್ರಲ್ರಿ. ಹಳೇದು ಕಾಣ್ಲಿ ಅಂತ ಹಿಂಗ ಮಾಡೀನಿ."

"ಶಾಣ್ಯಾ ಆದಿ," ಎಂದರು ಸಾವಕಾರರು, ಸಮಾಧಾನವಾಗಿ.

ಕಾಲೇಜಿನಿಂದ ಬರುವಾಗ ಆಮ್ರಪಾಲಿ ಗೋದಾಮಿನ ಗೋಡೆಗೆ ಒರಗಿದ್ದ ಬೋರ್ಡು ನೋಡಿದಳು. ಅಪ್ಪನ ಅಕ್ಷರ ಅವಳಿಗೆ ಗೊತ್ತಾಗದೇ ಇರುತ್ತದೆಯೇ? ಮನೆಗೆ ಬಂದವಳು ಊಟ ಮುಟ್ಟಲಿಲ್ಲ.

"ಅಪ್ಪಾ, ನಾ ನಾಳಿ ಫಾರ್ಮ್ ತುಂಬಬೇಕು. ಮನಿ ಎಲ್ಲಿ ಅಂತ ಬರೀಲಿ, ಹೇಳು. ಊರ ಸೇವಕರ ಕೇರಿ ಅಂತ ಬರೀಲೇನು?"

ಅವನ ಹೆಂಡತಿ ಕಮಳಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮಾವನ ಕೈಲೇ ಬರ್ದ ಹೆಸರು ನೀವು ನಿಮ್ಮ ಕೈಲೇ ಅಳಿಸಿದ್ರಿ. ಆ ಕೈಗೆ ಹುಳ ಬೀಳ್ಲಿ. ಓಣ್ಯಾಗ ಮಂದಿ ಉಗುಳಾಕತ್ತಾರ, ಯಾರ ಮಾರಿ ನೋಡ್ಲಿ ನಾ?"

ಹೇಳಿಬಿಡಬೇಕು ಎಂದು ಅವನ ನಾಲಿಗೆಯ ತುದಿಗೆ ಬಂತು. ಆದರೆ ಓಣಿಯ ಒಂದು ಬಾಯಿಗೆ ಬಿದ್ದದ್ದು ಸಂಜೆಯೊಳಗೆ ಸಾವಕಾರರ ಕಟ್ಟೆ ಮುಟ್ಟುತ್ತದೆ.

"ನಾಳಿ ಬೋರ್ಡ್ ನೋಡಿ ಫಾರ್ಮ್ ತುಂಬು," ಎಂದಷ್ಟೇ ಅಂದ. ಮಗಳು ಎದ್ದು ಒಳಗೆ ಹೋದಳು. ಅವನೂ ಉಣ್ಣಲಿಲ್ಲ.

ಮರುದಿನ ಹತ್ತು ಗಂಟೆಗೆ ಸಮಿತಿಯ ಜೀಪು ಬೇವಿನ ಮರದ ಹತ್ತಿರ ಬಂದು ನಿಂತಿತು. ಗುಲಬರ್ಗಾದ ಇಬ್ಬರು ಅತಿಥಿಗಳಿದ್ದರು, ಒಬ್ಬನ ಕೊರಳಲ್ಲಿ ಕ್ಯಾಮೆರಾ. ಓಣಿಯ ಜನ ಬಾಗಿಲುಗಳಲ್ಲಿ ಮುಖ ಗಂಟು ಹಾಕಿ ನಿಂತಿದ್ದರು. ದೇವಿದಾಸ ಬೋರ್ಡು ಹೊತ್ತು ತಂದು ಕಂಬಕ್ಕೆ ಬಿಗಿಯುವಾಗ ಯಾರೋ ಮುದುಕಿ "ಥೂ, ಭಾಡ್ಯಾ" ಎಂದು ಉಗುಳಿದಳು. ಉಗುಳು ಅವನ ಕಾಲ ಬಳಿ ಬಿತ್ತು.

ಅವನು ಇಳಿದು ಹತ್ತು ಹೆಜ್ಜೆ ಸರಿದ. ಅತಿಥಿಗಳ ಎದುರು ಇವರು ನಾಚಿಕೆಪಟ್ಟು ಇವತ್ತೊಂದು ದಿನ ನೀರು ಹಾಕದೆ ಬಿಟ್ಟರೆ?

ಅಷ್ಟು ನಾಚಿಕೆ ಇರುವವರು ಅವರಲ್ಲ. ಉಳಿದ ಓಣಿಗಳಿಗೆ ಒಂದು ಚರಿಗೆ ಹಾಕಿದ ವೀರಭದ್ರ, ಈ ಓಣಿಗೆಂದು ಜೀಪಿನಿಂದ ಬಕೆಟ್ಟನ್ನೇ ಇಳಿಸಿದ. ಮೊದಲ ಚರಿಗೆಗೆ ಕೆಂಪು ಕದಡಿತು. ಎರಡನೆಯದಕ್ಕೆ ಹೊಲಗೇರಿ ಕರಗಿ ಬಿಳಿಯ ಜೊತೆ ಕಂಬದುದ್ದಕ್ಕೂ ಇಳಿಯಿತು. ವೀರಭದ್ರ ಏನಾಗುತ್ತಿದೆ ಎಂದು ತಿಳಿಯದೆ, ತೊಳೆದರೆ ಸರಿಹೋದೀತೆಂದು ಇನ್ನೂ ಎರಡು ಚರಿಗೆ ಸುರಿದ. ನೀಲಿ ಅಕ್ಷರಗಳು ಒಂದೊಂದಾಗಿ ಹೊರಗೆ ಬಂದವು. ಭೀಮನಗರ. ಕ್ಯಾಮೆರಾದವನು ಅಭ್ಯಾಸಬಲದಿಂದ ಒತ್ತಿಯೇಬಿಟ್ಟ.

ಬಾಗಿಲಲ್ಲಿದ್ದ ಆಮ್ರಪಾಲಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಏನ್ಲೇ ಇದು, ಬೋಳಿಮಗನ?" ವೀರಭದ್ರ ಬಂದು ದೇವಿದಾಸನ ಕಪಾಳಕ್ಕೆ ಹೊಡೆದ.

ದೇವಿದಾಸ ತೂರಾಡಿ ನೆಟ್ಟಗೆ ನಿಂತ. ತುಟಿ ಒಡೆದಿತ್ತು. "ನಾ ಏನೂ ಮುಟ್ಟಿಲ್ಲ. ನೀರು ನಿಮ್ಮವು, ಚರಿಗಿ ನಿಮ್ಮದು. ಯಾಕ ಹಾಕಿದ್ರಿ ಅಂತ ಈ ಅತಿಥಿಗಳಿಗೆ ಹೇಳ್ರಿ."

ಸಾವಕಾರರು ಹತ್ತಿರ ಬಂದು ಹಲ್ಲು ಕಚ್ಚಿ ಮೆಲ್ಲಗೆ ಅಂದರು: "ಮರ್ಯಾದಿಲೇ ಇದರ ಮ್ಯಾಲ ಈಗಿಂದೀಗ ಹಳೇ ಹೆಸರು ಬರಿ. ಇಲ್ಲಂದ್ರ ಈ ಊರಾಗ ನಿನಗ ಅನ್ನ ಹುಟ್ಟಂಗಿಲ್ಲ."

ಅದು ಅವನಿಗೂ ಗೊತ್ತಿತ್ತು. ಇನ್ನು ಯಾವ ಅಂಗಡಿಯ ಬೋರ್ಡೂ ತನಗೆ ಸಿಗುವುದಿಲ್ಲ. ಗಿರಣಿ ಮತ್ತೆ ಬಂದ್ ಆಗುತ್ತದೆ, ಕಮಳಾಬಾಯಿಯ ಅಂಗೈಯಲ್ಲೂ ಬೊಬ್ಬೆ ಏಳುತ್ತವೆ. ಅವನು ಬಗಲ ಚೀಲದಿಂದ ಕುಂಚ ತೆಗೆದು ಸಾವಕಾರರ ಮುಂದೆ ಹಿಡಿದ.

"ನೀವ ಬರೀರಿ ಸಾವಕಾರ್ರ. ಆದ್ರ ನಿಮ್ಮ ಕೈ ಮುಟ್ಟಿದ್ದಕ್ಕ ನಾವೂ ನೀರು ಹಾಕ್ಬೇಕಾಗ್ತದ."

ಕಮಳಾಬಾಯಿ ಒಳಗೆ ಹೋದಳು. ನಳದ ನೀರು ಬಂದು ನಾಲ್ಕು ದಿನವಾಗಿತ್ತು, ಮನೆಯಲ್ಲಿ ಇದ್ದದ್ದು ಒಂದೇ ಕೊಡ. ಅದನ್ನು ಟೊಂಕಕ್ಕೆ ಏರಿಸಿಕೊಂಡು ಬಂದು ಗಂಡನ ಪಕ್ಕ ನಿಂತಳು. ಉಗುಳಿದ್ದ ಮುದುಕಿಯೂ ತನ್ನ ತಂಬಿಗೆ ತಂದಳು. ಆಚೆ ಮನೆಯಿಂದ ಇನ್ನೊಂದು ಕೊಡ ಬಂತು, ಅದರ ಹಿಂದೆ ಮತ್ತೊಂದು.

ಸಾವಕಾರರು ಕುಂಚದ ಕಡೆಗೂ ಕೊಡಗಳ ಕಡೆಗೂ ನೋಡಿದರು. ಕುಂಚವನ್ನು ಅವರು ಮುಟ್ಟಲಿಲ್ಲ, ಜೀಪನ್ನೂ ಹತ್ತಲಿಲ್ಲ. ವೀರಭದ್ರ ಜೀಪಿನ ಸೀಟಿನ ಕೆಳಗೆ ಕೈಹಾಕಿ ಕಬ್ಬಿಣದ ರಾಡು ಎಳೆಯತೊಡಗಿದ.

ಕಮಳಾಬಾಯಿ ಕೊಡ ಇಳಿಸಲಿಲ್ಲ.