ಇನ್ನೊಂದು ಚೂರು ಟ್ರೆಬಲ್

ಚಹಾ ಹೀರುವ ಸದ್ದು, ಸೊರ್ ಎಂದು, ಮೇಷ್ಟ್ರದ್ದು, ತಾನು ಇಷ್ಟು ಜೋರಾಗಿ ಹೀರುತ್ತಿದ್ದೇನೆಂದು ಅವರಿಗೆ ಗೊತ್ತಿಲ್ಲ, ಬಾಗಿಲ ಬಳಿಯ ಸ್ಟೂಲಿನ ಮೇಲೆ ನನಗೆ ಬೆನ್ನು ಹಾಕಿ ಬೀದಿ ನೋಡುತ್ತ ಕೂತಿದ್ದಾರೆ, ಬೆನ್ನಿನ ಮೇಲೆ ಬಿಸಿಲು ಬಿದ್ದಿದೆ, ಅಂಗಿಯ ಕಾಲರು ಸವೆದು ದಾರ ಬಿಟ್ಟಿದೆ — ಕಾಲರು ನೋಡಬೇಡ, ಕೆಲಸ ನೋಡು, ತಂತಿ ಸಡಿಲಿಸು. ಸಣ್ಣ ತಂತಿಯಿಂದ ಶುರು, ಬಿರಡೆ ತಿರುಗಿಸಿದಷ್ಟೂ ಸ್ವರ ಇಳಿಯುತ್ತ ಇಳಿಯುತ್ತ ಕೊನೆಗೆ ಬರೀ ತಂತಿಯಾಗಿ ಜೋತು ಬೀಳುತ್ತದೆ, ಒಂದು, ಎರಡು, ಇನ್ನು ನಾಲ್ಕು. ಅಂಗಡಿ ತೆರೆಯುವ ಹೊತ್ತಿಗೇ ಬಂದು ನಿಂತಿದ್ದರು, ಗಿಟಾರನ್ನು ಮೇಜಿನ ಮೇಲೆ ಮಲಗಿಸಿ, ಪಿಕಪ್ ಬಿಚ್ಚು ಕಣೋ ಸ್ಕ್ರೂ ಅಂದರು, ಸ್ಕ್ರೂ ಎಂದರೆ ನಾನು, ಅಷ್ಟೇ ಅಂದದ್ದು, ಬೇರೆ ದಿನವಾದರೆ ಇನ್ನೊಂದು ಚೂರು ಟ್ರೆಬಲ್ ಬೇಕಿತ್ತಲ್ಲೋ, ಸದ್ದು ಹರಿತ ಆಗ್ಬೇಕು ಎಂದು ಕೈಯಲ್ಲಿ ಉಪ್ಪು ಉದುರಿಸುವ ಹಾಗೆ ಮಾಡಿ ತೋರಿಸುತ್ತಿದ್ದರು, ಇವತ್ತು ಅದೂ ಇಲ್ಲ, ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ, ನಿನ್ನೆ ಕಾರ್ಯಕ್ರಮದಲ್ಲಿ ಏನಾಯಿತೆಂದು ಅವರಿಗೆ ತಿಳಿಯಿತೋ ಇಲ್ಲವೋ, ತಿಳಿದಿದ್ದರೆ ಯಾಕೆ ಬರುತ್ತಿದ್ದರು, ತಿಳಿಯದಿದ್ದರೆ ಯಾಕೆ ಹೀಗೆ ಸುಮ್ಮನಿದ್ದಾರೆ. ಕೇಳುವ ಧೈರ್ಯ ನನಗಿರಲಿಲ್ಲ, ಚಹಾ ತರಿಸಿ ಕೊಟ್ಟೆ.

ಮೊದಲ ಸಲ ಬಂದದ್ದು ಎಂಟು ತಿಂಗಳ ಹಿಂದೆ, ಗಿಟಾರ್ ಯಾಕೋ ಮಂಕಾಗಿದೆ ಕಣೋ, ಯಾರೋ ಮೇಲೆ ಕಂಬಳಿ ಹೊದಿಸಿದ ಹಾಗೆ ಕೇಳುತ್ತೆ, ಮೂವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ ಅಂದರು. ನಾನು ಪ್ಲಗ್ ಹಾಕಿ ಮೀಟಿ ನೋಡಿದೆ, ಕಂಬಳಿಯೂ ಇಲ್ಲ ಗಿಂಬಳಿಯೂ ಇಲ್ಲ, ನಾನು ಶಿಷ್ಯನಾಗಿದ್ದಾಗ ಹೇಗಿತ್ತೋ ಹಾಗೇ ಇತ್ತು, ದುಂಡನೆಯ ಸ್ವರ, ತುದಿಯಲ್ಲಿ ಮಾತ್ರ ಸ್ವಲ್ಪ ಹೊಳಪು, ಆದರೆ ರಿಪೇರಿಯವನ ಬಾಯಲ್ಲಿ ಏನೂ ಆಗಿಲ್ಲ ಎಂಬ ಮಾತು ಸುಲಭಕ್ಕೆ ಬರುವುದಿಲ್ಲ, ಹೊಸ ತಂತಿ ಹಾಕಿದೆ, ತಂತಿಯ ಕಂಪನ ಹಿಡಿಯುವ ಪಿಕಪ್ಪಿನ ಎರಡೂ ಬದಿಯ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಅದನ್ನು ತಂತಿಗೆ ಹತ್ತಿರ ತಂದೆ, ಹತ್ತಿರ ಬಂದಷ್ಟೂ ಸದ್ದು ಖಾರವಾಗುತ್ತದೆ, ಮೇಷ್ಟ್ರು ನುಡಿಸಿ ಈಗ ಬಂತು ನೋಡು ಜೀವ ಅಂದರು, ನಾನು ಉಬ್ಬಿ ಹೋದೆ. ತಿಂಗಳಾಗಲಿಲ್ಲ, ಮತ್ತೆ ಕಂಬಳಿ. ಆ ಸಲ ವಾಲ್ಯೂಮ್ ನಾಬಿನ ಕೆಳಗೆ ಸದ್ದು ಏರಿಸಿಳಿಸುವ ಪಾಟ್ ಬದಲಿಸಿದೆ, ಟ್ರೆಬಲ್ ನುಂಗುವ ಆ ಕಡಲೆಕಾಳಿನಷ್ಟು ಕೆಪಾಸಿಟರನ್ನು ಟೋನ್ ನಾಬಿನಿಂದ ಕಿತ್ತೇ ಹಾಕಿದೆ, ಉದ್ದದ ಕೇಬಲ್ ತೆಗೆದಿಟ್ಟು ಗಿಡ್ಡದು ಕೊಟ್ಟೆ, ಹೀಗೆ ಒಂದೊಂದಾಗಿ ಕಂಬಳಿ ಎಳೆಯುತ್ತ ಹೋದೆ, ಹೊದಿಕೆ ಇದ್ದದ್ದು ಗಿಟಾರಿನ ಮೇಲಲ್ಲ ಎಂಬ ಅನುಮಾನ ಆಗಲೇ ಒಂದು ಮೂಲೆಯಲ್ಲಿ ಕೂತಿತ್ತು. ಮೂರನೇ ಸಲ ಅನುಮಾನವೂ ಉಳಿಯಲಿಲ್ಲ — ಗಿಟಾರಿನ ಹೊಟ್ಟೆ ತೆರೆದು ಗದ್ದಲ ತಡೆಯುವ ಅರ್ತ್ ತಂತಿ ಬಿಚ್ಚಿಟ್ಟಿದ್ದೆ, ಮರೆತು ಆಂಪ್ಲಿಫೈಯರ್ ಹಚ್ಚಿದೆ, ಟ್ರೆಬಲ್ ಹತ್ತರಲ್ಲಿತ್ತು, ಕೊಯ್ಯ್ ಎಂದು ಅದು ಕೂಗಿದ್ದಕ್ಕೆ ಒಳಗೆ ಬಿಲ್ ಬರೆಯುತ್ತಿದ್ದ ನನ್ನ ಹೆಂಡತಿ ಪೆನ್ನು ಬಿಸಾಡಿ ಓಡಿ ಬಂದಳು, ಆಚೆ ಬೀದಿಯ ನಾಯಿ ಎದ್ದು ನಿಂತಿತು, ಮೇಷ್ಟ್ರು ಇದೇ ಸ್ಟೂಲಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತವರು, ಎಷ್ಟು ಶಾಂತವಾಗಿದೆ ನೋಡೋ, ಒಂದು ಚೂರೂ ಗಲಾಟೆ ಇಲ್ಲ, ನಿನ್ನ ವೈರಿಂಗೇ ವೈರಿಂಗು ಅಂದರು. ಹೆಂಡತಿ ನನ್ನ ಮುಖ ನೋಡಿದಳು, ನಾನು ಆಂಪಿನ ಮುಖ ನೋಡಿದೆ. ಅವರು ಹೋದ ಮೇಲೆ ಅವಳು, ಕಿವಿ ಡಾಕ್ಟರ ಹತ್ತಿರ ಕಳಿಸೋದು ಬಿಟ್ಟು ಗಿಟಾರಿಗೆ ಆಪರೇಷನ್ ಮಾಡ್ತಾ ಕೂತಿದೀರಲ್ಲ, ನಾಚಿಕೆ ಆಗಲ್ವಾ ಅಂದಳು, ನಿನಗೇನು ಗೊತ್ತಾಗುತ್ತೆ ಟೋನ್ ವಿಷಯ, ಸುಮ್ಮನಿರು ಅಂದೆ. ಆರು ತಿಂಗಳಾಯಿತು, ಆ ವಿಷಯ ಅವಳು ಮತ್ತೆ ಎತ್ತಿಲ್ಲ.

ಹೇಳಬಹುದಿತ್ತು. ಮೇಷ್ಟ್ರು ನನಗೆ ಹೇಳಲಿಲ್ಲವೆ, ನನಗೆ ಹತ್ತೊಂಬತ್ತಾಗಿದ್ದಾಗ, ಹದಿನಾಲ್ಕು ಶಿಷ್ಯರ ಎದುರಿಗೆ, ಹೆಗಲ ಮೇಲೆ ಕೈಯಿಟ್ಟು, ನಿನ್ನ ಬೆರಳಿಗೆ ಸ್ವರ ಗೊತ್ತು ಕಣೋ, ತಾಳ ಗೊತ್ತಿಲ್ಲ, ಹತ್ತು ವರ್ಷ ಕೂತ್ರೂ ಬರಲ್ಲ, ಸುಮ್ನೆ ವಯಸ್ಸು ಹಾಳು ಮಾಡ್ಕೋಬೇಡ, ಆದ್ರೆ ಮೊನ್ನೆ ನನ್ನ ಗಿಟಾರಿನ ಜ್ಯಾಕ್ ಸರಿ ಮಾಡಿದೆಯಲ್ಲ, ಅದು ನಮ್ಮ ಯಾರ ಕೈಲೂ ಆಗಲ್ಲ. ಎಲ್ಲರೂ ನಕ್ಕರು, ಅವತ್ತಿನಿಂದ ನಾನು ಸ್ಕ್ರೂ, ಮನೆಗೆ ಹೋಗಿ ದಿಂಬು ಕಚ್ಚಿಕೊಂಡು ಅತ್ತೆ, ವರ್ಷದೊಳಗೆ ಅವರು ಹೇಳಿದ್ದು ನಿಜವೆಂದು ಗೊತ್ತಾಯಿತು, ಮೊದಲ ಸೋಲ್ಡರಿಂಗ್ ಐರನ್ ಕೊಡಿಸಿದ್ದೂ ಅವರೇ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದರು. ನನಗೆ ಅದು ಆಗಲಿಲ್ಲ, ಗೌರವ ಅಂದುಕೊಂಡೆ, ದೊಡ್ಡವರ ಮನಸ್ಸು ನೋಯಿಸಬಾರದು ಅಂದುಕೊಂಡೆ, ಎಷ್ಟು ಒಳ್ಳೆಯವನು ನಾನು, ಸುಳ್ಳು, ಹಿತವಾಗಿತ್ತು, ಅದು ನಿಜ, ಮೇಷ್ಟ್ರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕಾಯುತ್ತ ಕೂರುವುದು ಹಿತವಾಗಿತ್ತು, ಊರಿನ ಬ್ಯಾಂಡಿನವರಿಗೆಲ್ಲ ಅವನ ಕೈಯಲ್ಲಿ ಏನೋ ಇದೆ ಕಣ್ರಯ್ಯ ಎಂದು ಹೇಳಿಕೊಂಡು ತಿರುಗಿದ್ದು ಹಿತವಾಗಿತ್ತು, ತಾಳ ಇಲ್ಲದವನ ಹತ್ತಿರ ತಾಳ ಕಲಿಸಿದವರು ತಿಂಗಳಿಗೊಮ್ಮೆ ಬಂದು ಇನ್ನೊಂದು ಚೂರು, ಇನ್ನೊಂದು ಚೂರು ಎಂದು ಕೇಳುತ್ತಿದ್ದರಲ್ಲ, ನಾನು ಕೊಡುತ್ತ ಹೋದೆ. ಹಳೆಯ ಪಿಕಪ್ಪುಗಳನ್ನೇ ಬಿಚ್ಚಿ ಡಬ್ಬದಲ್ಲಿಟ್ಟು ಹೊಸದು ಸುತ್ತಿದೆ, ಹೊಲಿಗೆ ಮಿಷನ್ನಿನ ಮೋಟರಿಗೆ ಕಟ್ಟಿ, ಕೂದಲಿಗಿಂತ ತೆಳು ತಾಮ್ರದ ತಂತಿ, ಹಳೆಯದರಲ್ಲಿ ಎಂಟು ಸಾವಿರ ಸುತ್ತು ಇತ್ತು, ಐದೂವರೆ ಸಾವಿರಕ್ಕೆ ನಿಲ್ಲಿಸಿದೆ, ಸುತ್ತು ಕಡಿಮೆಯಾದಷ್ಟೂ ಸದ್ದು ತೆಳುವಾಗಿ ಹರಿತವಾಗುತ್ತದೆ, ಸುತ್ತುತ್ತ ಸಿಳ್ಳೆ ಹಾಕುತ್ತಿದ್ದೆ, ನೆನೆಸಿಕೊಂಡರೆ ಈಗ ಬೆನ್ನು ಬಿಸಿಯಾಗುತ್ತದೆ, ಸಿಳ್ಳೆ ಯಾಕೆ ಹಾಕಬೇಕಿತ್ತು. ಅದೂ ಸಾಲದೆಂದು ಗಟ್ಟಿ ಸ್ಟೀಲ್ ತಂತಿ, ಸದ್ದು ಇನ್ನಷ್ಟು ಗರಿಗರಿಯಾಗಲೆಂದು ತಂತಿ ಕೂರುವ ಬ್ರಿಡ್ಜ್ ಎತ್ತಿದೆ, ಪಿಕಪ್ಪನ್ನು ಎಷ್ಟು ಮೇಲೆ ತಂದೆನೆಂದರೆ ಅದರ ಅಯಸ್ಕಾಂತ ತಂತಿಯನ್ನೇ ಎಳೆದು ಸ್ವರ ನಡುಗುತ್ತಿತ್ತು, ಬೇರೆ ಯಾರದ್ದಾದರೂ ಗಿಟಾರಾಗಿದ್ದರೆ ಇದನ್ನು ಮಾಡಿದವನಿಗೆ ಬುದ್ಧಿ ಇದೆಯಾ ಎಂದು ಬೈಯುತ್ತಿದ್ದೆ. ಒಂದೊಂದು ಸಲ ಇದು ಹಳೆಯ ಸೇಡೇನೋ ಎಂದು ಅನಿಸಿದ್ದುಂಟು, ಅಲ್ಲ ಎಂದು ಹೇಳಿಕೊಂಡಿದ್ದೂ ಉಂಟು, ಎರಡನ್ನೂ ಪೂರ್ತಿ ನಂಬಲಿಲ್ಲ.

ಆರನೇ ತಂತಿಯೂ ಬಿಚ್ಚಿತು, ಇನ್ನು ಮೇಲಿನ ಪ್ಲಾಸ್ಟಿಕ್ ತಗಡು, ಎಂಟು ಸ್ಕ್ರೂ, ಎರಡರ ತಲೆ ನಾನೇ ತಿರುಗಿಸಿ ತಿರುಗಿಸಿ ಸವೆಸಿದ್ದೇನೆ. ನಿನ್ನೆ ಮಧ್ಯಾಹ್ನ ಶಿಷ್ಯರ ವರ್ಷದ ಕಾರ್ಯಕ್ರಮ, ಶಾಲೆಯ ಸಭಾಂಗಣ, ಮಡಚುವ ಕುರ್ಚಿಗಳು, ಚಿಕ್ಕವರು ದೊಡ್ಡವರು ಎಲ್ಲ ನುಡಿಸಿ ಮುಗಿಸಿ ಕೊನೆಗೆ ಮೇಷ್ಟ್ರು, ಇಸ್ತ್ರಿ ಮಾಡಿದ ಅಂಗಿ, ಮೈಕಿನಲ್ಲಿ ನನ್ನ ಹೆಸರು ಬೇರೆ ಹೇಳಿದರು, ಈ ಟೋನ್ ಎಲ್ಲ ಅವನದು ಅಂದರು, ಮೂರನೇ ಸಾಲಿನಲ್ಲಿ ಎದ್ದು ಕೈ ಮುಗಿದೆ, ಕೂರುವುದರೊಳಗೆ ಮೊದಲ ಸ್ವರ ಬಂತು, ತಗಡಿನ ಮೇಲೆ ಮೊಳೆ ಗೀರಿದ ಹಾಗೆ. ಮಕ್ಕಳು ಕಿವಿ ಮುಚ್ಚಿಕೊಂಡು ನಗತೊಡಗಿದರು, ಒಬ್ಬಾಕೆ ಕೂಸನ್ನೆತ್ತಿಕೊಂಡು ಹೊರಗೆ ಹೋದಳು, ಸೌಂಡಿನವನು ಬಟನ್ ಇಳಿಸಿದ, ಮೇಷ್ಟ್ರು ನುಡಿಸುತ್ತಲೇ ಗಲ್ಲ ಎತ್ತಿ ಹೆಚ್ಚು ಮಾಡು ಎಂದು ಸನ್ನೆ ಮಾಡಿದರು, ಅವನು ಏರಿಸಿದ, ಹಲ್ಲು ಕಚ್ಚಿ ಏರಿಸಿದ, ಮೇಷ್ಟ್ರು ಕಣ್ಣು ಮುಚ್ಚಿ ನುಡಿಸುತ್ತಿದ್ದಾರೆ, ಬೆರಳು ಒಂದೂ ತಪ್ಪಿಲ್ಲ, ಒಂದು ಕಡೆಯೂ ತಾಳ ಜಾರಿಲ್ಲ, ಅಷ್ಟು ಚೆನ್ನಾಗಿ ನುಡಿಸುತ್ತಿದ್ದಾರೆ, ಕೇಳುವ ಹಾಗೆ ಇಲ್ಲ, ಅದನ್ನು ಕೇಳಲಾಗದ ಹಾಗೆ ಮಾಡಿದವನು ನಾನು, ಭೂಮಿ ಬಾಯಿ ಬಿಡಬಾರದೆ ಅನಿಸಿತು. ಆಗ ಮುಂದಿನ ಸಾಲಿನಲ್ಲಿ ಅಕ್ಕ, ಮೇಷ್ಟ್ರ ಹೆಂಡತಿ, ನಾನು ಕಲಿಯುವಾಗಿನಿಂದ ನನಗೆ ಅಕ್ಕ, ತೊಡೆಯ ಮೇಲಿನ ಬ್ಯಾಗಿನ ಜಿಪ್ ಎಳೆದರು, ಅವಸರವೇನಿಲ್ಲ, ಒಂದು ಚೂರು ಹತ್ತಿ ಹರಿದು ಉಂಡೆ ಮಾಡಿ ಈ ಕಿವಿಗೆ, ಇನ್ನೊಂದು ಆ ಕಿವಿಗೆ, ಮೇಲೆ ನರೆತ ಕೂದಲು ಎಳೆದುಕೊಂಡು ಕೈಕಟ್ಟಿ ಕೂತರು, ನಗುತ್ತ ವೇದಿಕೆ ನೋಡುತ್ತ. ರೂಢಿಯಾದ ಕೈ ಅದು. ಬೆಳ್ಳನೆ ಹತ್ತಿ. ಮನೆಯಲ್ಲಿ ಎಷ್ಟು ಬೆಳಗು ಎಷ್ಟು ಸಂಜೆ ಹೀಗೇ ಕೂತರೋ, ನಾನು ಸುತ್ತು ಕಡಿಮೆ ಮಾಡಿದ ಹಾಗೆಲ್ಲ ಅವರು ಹತ್ತಿ ಹೆಚ್ಚು ಮಾಡಿಕೊಂಡರೋ. ಮುಗಿದ ಕೂಡಲೇ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರೂ ಅವರೇ, ಬಾಗಿಲಲ್ಲಿ ಸಿಕ್ಕಿ ಚೆನ್ನಾಗಿತ್ತು ಅಲ್ವೇನೋ ಅಂದರು, ಸ್ವಲ್ಪ ಜೋರಾಗಿ, ಬಹಳ ಚೆನ್ನಾಗಿತ್ತು ಅಕ್ಕ ಅಂದೆ, ಆಂ ಅಂದರು. ಕೂದಲ ಸಂದಿಯಲ್ಲಿ ಬಿಳಿ ಚೂರು ಕಾಣುತ್ತಿತ್ತು, ನಾನು ಕಂಡದ್ದು ಅವರಿಗೂ ಕಂಡಿತು, ಇಬ್ಬರೂ ನಕ್ಕೆವು.

ತಗಡು ಎದ್ದಿತು, ಒಳಗೆ ನನ್ನದೇ ಬೆಸುಗೆ, ಮಿರಮಿರ ಮಿಂಚುತ್ತಿದೆ, ಎಷ್ಟು ಅಚ್ಚುಕಟ್ಟು, ಯಾರಾದರೂ ನೋಡಿದರೆ ಮೆಚ್ಚಬೇಕು, ಐರನ್ ಮುಟ್ಟಿಸಿದರೆ ಒಂದು ಕ್ಷಣ, ಹೊಗೆ, ತಂತಿ ಬಿಟ್ಟಿತು. ಈಗ ಹೇಳಿಬಿಡು. ಬೆನ್ನು ಅಲ್ಲೇ ಇದೆ, ಕಾಲರಿನ ದಾರ ಅಲ್ಲೇ ಇದೆ, ಹೇಳು — ಮೇಷ್ಟ್ರೇ, ಗಿಟಾರ್ ಮೊದಲಿಂದ್ಲೂ ಸರಿಯಾಗೇ ಇತ್ತು, ಮಂಕಾಗಿರೋದು ನಿಮ್ಮ ಕಿವಿ, ನನಗೆ ಆರು ತಿಂಗಳಿಂದ ಗೊತ್ತು. ಹೇಳಿದೆ. ಬಾಯಿ ಬಿಟ್ಟೇ ಹೇಳಿದೆ, ಪಿಸುಮಾತಲ್ಲ, ಜೋರೂ ಅಲ್ಲ. ಬೆನ್ನು ಅಲುಗಲಿಲ್ಲ, ಚಹಾ ಸೊರ್ ಎಂದಿತು, ನನಗೆ ಉಸಿರು ಬಂತು, ಸದ್ಯ ಅನಿಸಿತು, ಆಮೇಲೆ ಆ ಸದ್ಯಕ್ಕೇ ಮೈಯೆಲ್ಲ ಹಿಡಿಯಷ್ಟಾಯಿತು, ಎಷ್ಟು ಜೋರಾದರೆ ಅವರಿಗೆ ಕೇಳುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ, ಸದ್ದನ್ನು ಅಳೆದು ಕೊಡುವುದೇ ನನ್ನ ಕಸುಬು, ಅದಕ್ಕಿಂತ ಒಂದು ಕೂದಲೆಳೆ ಕಡಿಮೆ ಇಟ್ಟು ಹೇಳಿದೆ.

ಲೋಟ ಕೆಳಗಿಟ್ಟು ಸ್ಟೂಲಿನ ಸಮೇತ ತಿರುಗುತ್ತಿದ್ದಾರೆ, ಕಾಲು ನೆಲಕ್ಕೆ ಉಜ್ಜುತ್ತ, ಬಿಚ್ಚಿದೆಯಾ, ಹೂಂ ಮೇಷ್ಟ್ರೇ, ಹಳೇ ಪಿಕಪ್ ಇದೆಯಾ ಬಿಸಾಡಿಬಿಟ್ಟೆಯಾ, ಇದೆ, ಡಬ್ಬದಲ್ಲಿ ಇಟ್ಟಿದೀನಿ, ಹಾಗಾದ್ರೆ ಅದನ್ನೇ ಹಾಕು, ಆ ಕೆಪಾಸಿಟರ್ರು ಪಾಟು ಎಲ್ಲಾ ಮೊದಲಿನ ಹಾಗೇ ಮಾಡು, ಬ್ರಿಡ್ಜೂ ಇಳಿಸು, ಕೇಳೋರಿಗೆ ಹಿತವಾಗಿರಲಿ, ನನಗೆ ಹೇಗೆ ಕೇಳುತ್ತೆ ಅಂತ ನೋಡಕ್ಕೆ ಹೋಗ್ಬೇಡ, ಎಲ್ಲಿ ಒತ್ತಬೇಕು ಅಂತ ಬೆರಳಿಗೆ ಗೊತ್ತಿದೆ. ಡಬ್ಬದ ಮುಚ್ಚಳ ಬರುತ್ತಿಲ್ಲ, ಉಗುರು ಹಾಕಿದರೂ ಬರುತ್ತಿಲ್ಲ. ನಿನ್ನೆ ಬಸ್ಸಲ್ಲಿ ನಿಮ್ಮಕ್ಕನ ಪಕ್ಕ ಕೂತಿದ್ದೆ ಕಣೋ, ಎರಡು ಸಲ ಕರೆದೆ, ತಿರುಗಲಿಲ್ಲ, ಅಯ್ಯೋ ಇವಳಿಗೂ ಹೋಯ್ತಾ ಕಿವಿ ಅಂದ್ಕೊಂಡೆ, ಕೂದಲು ಸರಿಸಿ ನೋಡಿದ್ರೆ ಹತ್ತಿ, ತೆಗೆಯೋದನ್ನೇ ಮರೆತಿದ್ದಳು, ನಾನೇ ತೆಗೆದೆ, ಈ ಕಡೆದು, ಆಮೇಲೆ ಆ ಕಡೆದು, ಅಳೋಕೆ ಶುರು ಮಾಡಿದಳು, ಅದೂ ನನಗೆ ಕೇಳಿಸಲಿಲ್ಲ, ಭುಜ ನೋಡಿ ಗೊತ್ತಾಯ್ತು. ಮೇಷ್ಟ್ರು ನಗುತ್ತಿದ್ದಾರೆ, ಮುಂದಕ್ಕೆ ಬಾಗಿ ನನ್ನ ತುಟಿಯನ್ನೇ ನೋಡುತ್ತಿದ್ದಾರೆ, ಯಾವಾಗಿನಿಂದ ತುಟಿ ನೋಡುವುದು ಕಲಿತರು, ನನ್ನ ಕಿವಿ ಹೋಗಿದ್ದು ನಿನಗೆ ಯಾವಾಗ ಗೊತ್ತಾಯ್ತೋ ಅಂದರು. ನಿನ್ನೆ ಮೇಷ್ಟ್ರೇ. ನಿನ್ನೆ ಕಾರ್ಯಕ್ರಮದಲ್ಲೇ ಗೊತ್ತಾಗಿದ್ದು. ಜೋರಾಗಿ, ಬಿಡಿಸಿ ಬಿಡಿಸಿ, ಒಂದಕ್ಷರವೂ ತಪ್ಪದ ಹಾಗೆ ಹೇಳಿದೆ, ಪೂರ್ತಿ ಕೇಳಿಸಿತು ಅವರಿಗೆ, ತಲೆ ಆಡಿಸಿದರು, ಅದೇ ಕಣೋ ನಾನೂ ಅವಳಿಗೆ ಹೇಳಿದ್ದು, ಅವನಿಗೇನೂ ಅನ್ಬೇಡ, ಗೊತ್ತಿದ್ದಿದ್ರೆ ಅವನು ಹೇಳದೇ ಇರ್ತಿರಲಿಲ್ಲ ಅಂತ, ನೀನು ನಿಧಾನಕ್ಕೆ ಹಾಕು, ಅವಸರ ಇಲ್ಲ, ಎಂದು ಮತ್ತೆ ಬೀದಿಯ ಕಡೆ ತಿರುಗುತ್ತಿದ್ದಾರೆ, ಬೆನ್ನು, ಮುಚ್ಚಳ ಬಂತು, ಕಾಗದದ ಪೊಟ್ಟಣ, ಬಿಚ್ಚು, ಹಾಕು, ಎಂಟು ಸಾವಿರ ಸುತ್ತು, ಬಸ್ಸು, ಕಿಟಕಿ ಪಕ್ಕದ ಸೀಟು, ನರೆತ ಕೂದಲು ಸರಿಸುವ ಬೆರಳು, ಹತ್ತಿ, ಈ ಕಡೆಯದು, ಆಮೇಲೆ ಆ ಕಡೆಯದು, ಈ ಕಡೆಯದು, ಆಮೇಲೆ